ಕೂಸಿನ ಫೈಲಿನಲ್ಲಿ ಏನಿರಬೇಕು: ಡೌನ್ ಸಿಂಡ್ರೋಮ್ ಮತ್ತು ನಮ್ಮ ಊರಿನ ಹೊಣೆ

(ವಿಶ್ವ ಡೌನ್ ಸಿಂಡ್ರೋಮ್ ದಿನದ ನಿಮಿತ್ತ ಕಲಬುರಗಿಯಲ್ಲಿ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಹಾಗೂ ಪಾಲಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ಶರಣು.

ಮಾರ್ಚ್ 21ನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಜೀವಕೋಶದೊಳಗೆ ವಂಶವಾಹಿಗಳನ್ನು ಹೊತ್ತ ಎಳೆಗಳೇ ಕ್ರೋಮೋಸೋಮ್. ಎಲ್ಲರಲ್ಲಿ ಎರಡಿರುವ 21ನೇ ಕ್ರೋಮೋಸೋಮ್ ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಮೂರಿರುತ್ತದೆ, ಅದಕ್ಕೇ ಮೂರನೇ ತಿಂಗಳ ಇಪ್ಪತ್ತೊಂದನೇ ದಿನ. ಫ್ರಾನ್ಸಿನ ಜೆರೋಮ್ ಲೆಜ್ಯೂನ್ ಮತ್ತು ಸಂಗಡಿಗರು 1959ರಲ್ಲಿ ಇದನ್ನು ಪ್ರಕಟಿಸಿದರು. 2012ರಿಂದ ವಿಶ್ವಸಂಸ್ಥೆಯೂ ಈ ದಿನವನ್ನು ಆಚರಿಸುತ್ತಿದೆ. ಜೋಡಿ ಇಲ್ಲದ ಬಣ್ಣಬಣ್ಣದ ಕಾಲುಚೀಲ ಹಾಕಿಕೊಂಡು ಫೋಟೊ ತೆಗೆಸುವ ರೂಢಿ ಈಗ ನಮ್ಮಲ್ಲಿಗೂ ಬಂದಿದೆ. ತೆಗೆಸಿಕೊಳ್ಳಿ, ತಪ್ಪಿಲ್ಲ. ಆದರೆ ಚಿಂಚೋಳಿಯ ತಾಂಡಾದಲ್ಲೋ ಶಹಾಪುರದ ಹಳ್ಳಿಯಲ್ಲೋ ಹುಟ್ಟಿದ ಕೂಸಿಗೆ ಮೊದಲ ತಿಂಗಳಲ್ಲಿ ಬೇಕಾದದ್ದು ಎಕೋ, ಅಂದರೆ ಹೃದಯದ ಸ್ಕ್ಯಾನ್. ಆರು ತಿಂಗಳಿಗೆ ಥೈರಾಯ್ಡ್ ಪರೀಕ್ಷೆ, ಆರು ವರ್ಷಕ್ಕೆ ಶಾಲೆ, ಹದಿನೆಂಟಕ್ಕೆ ಬ್ಯಾಂಕ್ ಖಾತೆ. ಇವುಗಳಲ್ಲಿ ಒಂದೊಂದಕ್ಕೂ ಸರ್ಕಾರದಲ್ಲಿ ಒಂದಲ್ಲ ಒಂದು ವ್ಯವಸ್ಥೆ ಇದೆ. ಒಂದು ಕಡೆಯ ಕಾಗದ ಇನ್ನೊಂದು ಕಡೆ ತಲುಪುವುದಿಲ್ಲ, ತೊಂದರೆ ಆಗುವುದು ಅಲ್ಲಿ. ಆದ್ದರಿಂದ ಇವತ್ತು ಮಾತಾಡುವುದು ಒಂದು ಫೈಲಿನ ಬಗ್ಗೆ: ಅದರಲ್ಲಿ ಏನಿರಬೇಕು, ಯಾವಾಗ ಸೇರಬೇಕು, ಅದನ್ನು ಹಿಡಿದುಕೊಂಡು ಯಾರ ಟೇಬಲ್ ಮುಂದೆ ನಿಲ್ಲಬೇಕು.

ಹೆರಿಗೆ ಕೋಣೆಯಿಂದಲೇ ಶುರು ಮಾಡೋಣ. ಮೈ ಮೆತ್ತಗೆ, ಎತ್ತಿದರೆ ಕೈಯಿಂದ ಜಾರುವ ಹಾಗೆ. ಕಣ್ಣಿನ ಹೊರ ಅಂಚು ಮೇಲಕ್ಕೆ. ಮೂಗಿನ ಬುಡ ಚಪ್ಪಟೆ. ಕಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಅಂತರ. ಅಂಗೈಯಲ್ಲಿ ಒಂದೇ ಅಡ್ಡಗೆರೆ. ಇವೆಲ್ಲ ಕೂಡಿ ಕಂಡರೆ ಸಂಶಯ ಪಡಬೇಕು. ಒಂಟಿ ಗೆರೆಯೊಂದನ್ನೇ ನೋಡಿ ತೀರ್ಮಾನಿಸಬಾರದು, ಏನೂ ತೊಂದರೆ ಇಲ್ಲದವರ ಅಂಗೈಯಲ್ಲೂ ಅದು ಇರುತ್ತದೆ. ಸುದ್ದಿ ಹೇಳುವಾಗ ತಂದೆ ತಾಯಿ ಇಬ್ಬರೂ ಇರಲಿ, ಬಾಗಿಲು ಹಾಕಿರಲಿ, ಕೂಸು ತಾಯಿಯ ಮಡಿಲಲ್ಲಿರಲಿ. ವರಾಂಡದಲ್ಲಿ ನಿಂತ ಅತ್ತೆಗೆ ಮೊದಲು ಹೇಳಿ, ಬಾಣಂತಿಗೆ ಮೂರು ದಿನ ಮುಚ್ಚಿಡುವುದು ನಮ್ಮ ಕಡೆ ಬಹಳ. ಆ ಮೂರು ದಿನದಲ್ಲಿ "ಇದು ನಿನ್ನ ಕಡೆಯಿಂದ ಬಂದದ್ದು" ಎಂಬ ಮಾತು ಮನೆಯಲ್ಲಿ ಬೇರು ಬಿಟ್ಟಿರುತ್ತದೆ.

ಗ್ರಹಣದಲ್ಲಿ ಹೊರಗೆ ಬಂದದ್ದರಿಂದ ಇದು ಆಗುವುದಿಲ್ಲ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದದ್ದರಿಂದಲೂ ಆಗುವುದಿಲ್ಲ. ರಕ್ತಸಂಬಂಧದ ಮದುವೆಯಿಂದ ಬೇರೆ ಕೆಲವು ರೋಗಗಳು ಹೆಚ್ಚಾಗುವುದು ನಿಜ, ಡೌನ್ ಸಿಂಡ್ರೋಮ್ ಆ ಸಾಲಿಗೆ ಸೇರದು. ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗ ಒಂದು ಜೋಡಿ ಬೇರ್ಪಡದೆ ಉಳಿಯುತ್ತದೆ, ಅಷ್ಟೆ. ತಾಯಿಯ ವಯಸ್ಸು ಹೆಚ್ಚಿದಂತೆ ಇದರ ಸಾಧ್ಯತೆಯೂ ಹೆಚ್ಚುತ್ತದೆ: 35ನೇ ವಯಸ್ಸಿಗೆ ಸುಮಾರು 350 ಹೆರಿಗೆಗೆ ಒಂದು, 40ಕ್ಕೆ ಸುಮಾರು ನೂರಕ್ಕೆ ಒಂದು. ಹಾಗಂತ ಇಪ್ಪತ್ತರ ತಾಯಿಗೆ ಆಗುವುದಿಲ್ಲ ಎಂದಲ್ಲ. ಹೆಚ್ಚು ಹೆರಿಗೆ ಆಗುವುದೇ ಚಿಕ್ಕ ವಯಸ್ಸಿನವರಿಗೆ, ಆದ್ದರಿಂದ ಈ ಮಕ್ಕಳಲ್ಲಿ ಹೆಚ್ಚಿನವರು ಹುಟ್ಟುವುದೂ ಅವರ ಹೊಟ್ಟೆಯಲ್ಲೇ. "ಇಷ್ಟು ಸಣ್ಣ ಹುಡುಗಿಗೆ ಹೆಂಗ ಆಗ್ತದರಿ" ಎಂದು ಸಂಶಯವನ್ನೇ ತಳ್ಳಿಹಾಕಬೇಡಿ.

ಫೈಲಿನ ಮೊದಲ ಹಾಳೆ ಕ್ಯಾರಿಯೋಟೈಪ್, ಅಂದರೆ ಕ್ರೋಮೋಸೋಮ್ ಪರೀಕ್ಷೆಯ ವರದಿ. ಎರಡು ಮೂರು ಎಂ.ಎಲ್. ರಕ್ತ ಸಾಕು, ಆದರೆ ಅದು ಹಸಿರು ಮುಚ್ಚಳದ ಹೆಪಾರಿನ್ ನಳಿಕೆಗೆ ಬೀಳಬೇಕು. ಪ್ರಯೋಗಾಲಯದಲ್ಲಿ ಜೀವಂತ ಬಿಳಿರಕ್ತಕಣಗಳನ್ನು ಬೆಳೆಸಿ ಕ್ರೋಮೋಸೋಮ್ ಎಣಿಸುತ್ತಾರೆ. ರೂಢಿಯಂತೆ ನೇರಳೆ ಮುಚ್ಚಳದ ಇಡಿಟಿಎ ನಳಿಕೆಗೆ ಹಾಕಿ ಕಳಿಸಿದರೆ ಕಣಗಳು ಸರಿಯಾಗಿ ಬೆಳೆಯುವುದಿಲ್ಲ, "ಮತ್ತೆ ಕಳಿಸಿ" ಎಂದು ಉತ್ತರ ಬರುತ್ತದೆ. ನಮ್ಮಲ್ಲಿ ಇನ್ನೊಂದು ತೊಡಕು ಬಿಸಿಲು. ಏಪ್ರಿಲ್, ಮೇ ತಿಂಗಳ ನಲವತ್ತು ದಾಟಿದ ಸೆಖೆಯಲ್ಲಿ ಬಸ್ಸಿನ ಡಿಕ್ಕಿಯಲ್ಲಿ ಕೂತು ಹೈದರಾಬಾದಿಗೋ ಬೆಂಗಳೂರಿಗೋ ಹೊರಟ ಮಾದರಿ ದಾರಿಯಲ್ಲೇ ಸಾಯುತ್ತದೆ. ನೇರವಾಗಿ ಐಸಿಗೆ ಒತ್ತಿಟ್ಟರೂ ಕೆಡುತ್ತದೆ. ಥರ್ಮಾಕೋಲ್ ಡಬ್ಬಿಯಲ್ಲಿ, ತಂಪು ಜೆಲ್ ಪ್ಯಾಕಿಗೂ ನಳಿಕೆಗೂ ನಡುವೆ ಬಟ್ಟೆ ಹಾಕಿ, ವಾರದ ಮೊದಲ ದಿನಗಳಲ್ಲಿ ಕಳಿಸಿ. ಶನಿವಾರ ಕಳಿಸಿದರೆ ಭಾನುವಾರ ಯಾರೂ ಬಿಚ್ಚುವುದಿಲ್ಲ.

"ಮುಖ ನೋಡಿದರೇ ಗೊತ್ತಾಗ್ತದ, ಇಷ್ಟು ಖರ್ಚು ಯಾಕ" ಎಂದು ಕೇಳುವವರಿದ್ದಾರೆ. ಖರ್ಚು ಮುಂದಿನ ಕೂಸಿಗಾಗಿ. ನೂರರಲ್ಲಿ 95ರಷ್ಟು ಮಕ್ಕಳಲ್ಲಿ ಇಡೀ ಕ್ರೋಮೋಸೋಮ್ ಹೆಚ್ಚಿಗೆ ಇರುತ್ತದೆ. ಆಗ ಚಿಕ್ಕ ವಯಸ್ಸಿನ ತಾಯಿಗೆ ಮತ್ತೆ ಹೀಗಾಗುವ ಸಾಧ್ಯತೆ ನೂರಕ್ಕೆ ಒಂದರಷ್ಟು. ಮೂರು ನಾಲ್ಕು ಮಕ್ಕಳಲ್ಲಿ ಆ ಭಾಗ ಬೇರೊಂದು ಕ್ರೋಮೋಸೋಮಿಗೆ ಅಂಟಿಕೊಂಡಿರುತ್ತದೆ. ಇದಕ್ಕೆ ಟ್ರಾನ್ಸ್‌ಲೊಕೇಶನ್ ಅನ್ನುತ್ತಾರೆ. ಆಗ ತಂದೆ ತಾಯಿಯ ರಕ್ತವನ್ನೂ ನೋಡಬೇಕು. ತಾಯಿಯಿಂದ ಬಂದಿದ್ದರೆ ಮರುಕಳಿಸುವ ಸಾಧ್ಯತೆ ನೂರಕ್ಕೆ 10–15ರವರೆಗೂ ಹೋಗುತ್ತದೆ. ಮುಖ ನೋಡಿ ಇದನ್ನು ಹೇಳಲು ಬರುವುದಿಲ್ಲ.

ಎರಡನೇ ಹಾಳೆ ಎಕೋ. ಇಡೀ ಉಪನ್ಯಾಸದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದ ಹೃದಯದ ದೋಷ ಇರುತ್ತದೆ. ಸ್ಟೆತಸ್ಕೋಪಿಗೆ ಸದ್ದು ಕೇಳಲಿಲ್ಲ ಎಂದರೆ ರಂಧ್ರ ಇಲ್ಲ ಎಂದಲ್ಲ. ರಂಧ್ರ ದೊಡ್ಡದಿದ್ದು ಎರಡೂ ಕಡೆಯ ಒತ್ತಡ ಸಮವಾಗಿದ್ದರೆ ಸದ್ದೇ ಬರುವುದಿಲ್ಲ, ಹೆಚ್ಚು ಅಪಾಯ ಇರುವುದೂ ಅದರಲ್ಲೇ. ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಗೋಡೆ ಪೂರ್ತಿ ಕೂಡದ ದೋಷವಿದ್ದರೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ ಶಸ್ತ್ರಚಿಕಿತ್ಸೆ ಆಗಬೇಕು. ತಡವಾದರೆ ಶ್ವಾಸಕೋಶದ ರಕ್ತನಾಳಗಳು ಗಡುಸಾಗುತ್ತವೆ, ಆಮೇಲೆ ರಂಧ್ರ ಮುಚ್ಚುವುದೇ ಅಪಾಯ. "ಸ್ವಲ್ಪ ತೂಕ ಬರ್ಲಿ, ವರ್ಷ ಆಗ್ಲಿ" ಎಂದು ಹಿರಿಯರು ಹೇಳುವಾಗ ಕಳೆದುಹೋಗುತ್ತಿರುವುದು ಈ ತಿಂಗಳುಗಳು.

ಆಶಾ ಅಕ್ಕಾರು ಮನೆಗೆ ಹೋದಾಗ ಕೇಳಬೇಕಾದ ಪ್ರಶ್ನೆ: "ಕೂಸು ಹಾಲು ಕುಡಿಯಾಗ ಹಣಿ ಬೆವರ್ತದೇನವ್ವಾ? ನಡುನಡುವ ಬಿಟ್ಟು ಏದುಸಿರು ಬಿಡ್ತದೇನು?" ಹೌದು ಎಂದರೆ ಅದನ್ನು ಬರೀ ಅಪೌಷ್ಟಿಕತೆಯ ಕೂಸು ಎಂದು ರಿಜಿಸ್ಟರಿಗೆ ಬರೆದು ಸುಮ್ಮನಾಗಬಾರದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಹೆಸರು ಹಿಡಿದೇ ಇದೆ, ಹುಟ್ಟು ಹೃದಯದೋಷವೂ ಇದೆ. ಆ ಕಾರ್ಯಕ್ರಮದ ವೈದ್ಯ ತಂಡದ ರೆಫರಲ್ ಚೀಟಿ ಇಲ್ಲದೆ ನೇರವಾಗಿ ಊರು ಬಿಟ್ಟು ಹೋದರೆ ಉಚಿತವಾಗಿ ಆಗಬಹುದಾದದ್ದಕ್ಕೆ ಸಾಲ ಮಾಡಬೇಕಾಗುತ್ತದೆ. ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಕಲಬುರಗಿಯಲ್ಲೇ ಇದೆ. ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ, ಅಂದರೆ ಬೀದರಿನವರು ಬ್ರಿಮ್ಸ್, ಯಾದಗಿರಿಯವರು ಯಿಮ್ಸ್, ಇಲ್ಲಿಯವರು ಜಿಮ್ಸ್‌ನ ಮಕ್ಕಳ ವಿಭಾಗದಿಂದ ಚೀಟಿ ಬರೆಸಿಕೊಂಡು ಹೋಗಿ.

ಮೂರನೆಯದು ಥೈರಾಯ್ಡ್. ಹುಟ್ಟಿದಾಗ, ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ಜೀವನಪೂರ್ತಿ ವರ್ಷಕ್ಕೊಮ್ಮೆ ಟಿಎಸ್‌ಎಚ್ ಎಂಬ ರಕ್ತಪರೀಕ್ಷೆ. ಮಲಬದ್ಧತೆ, ಒಣ ಚರ್ಮ, ತೂಕಡಿಕೆ, ನಿಧಾನ, ಇವೆಲ್ಲ ಥೈರಾಯ್ಡ್ ಕಡಿಮೆಯಾದದ್ದರ ಲಕ್ಷಣ. ಆದರೆ "ಈ ಮಕ್ಕಳು ಹಂಗೇ ಇರ್ತಾರ" ಎಂಬ ಮಾತಿನ ಕೆಳಗೆ ಮುಚ್ಚಿಹೋಗುತ್ತವೆ. ಮಾತ್ರೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನ ಜೊತೆ ಕೊಡಬೇಕು. ಹಾಲಿನಲ್ಲಿ ಅರೆದು, ಅಂಗನವಾಡಿಯ ಕಬ್ಬಿಣದ ಸಿರಪ್ಪಿನ ಜೊತೆಗೇ ಕುಡಿಸಿದರೆ ಮೈಗೆ ಹತ್ತುವುದಿಲ್ಲ. ಕಬ್ಬಿಣಾಂಶದ್ದು ನಾಲ್ಕು ತಾಸು ಬಿಟ್ಟು ಕೊಡಿ.

ಕಿವಿ, ಕಣ್ಣು. ಕಿವಿಯ ನಾಳ ಕಿರಿದು, ನೆಗಡಿಯಾದಾಗಲೆಲ್ಲ ತಮಟೆಯ ಹಿಂದೆ ನೀರು ನಿಲ್ಲುತ್ತದೆ. ಸೋರದಿದ್ದರೂ ಕೇಳಿಸುವುದು ಕಡಿಮೆಯಾಗಿರುತ್ತದೆ. ಮೊದಲ ವರ್ಷಗಳಲ್ಲಿ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಆಗಲಿ. ಕಣ್ಣನ್ನು ಆರು ತಿಂಗಳೊಳಗೆ ಒಮ್ಮೆ ತೋರಿಸಿ, ಹುಟ್ಟಿನ ಪೊರೆ ಇರಬಹುದು. ಮಾತು ಬರುತ್ತಿಲ್ಲ ಎಂದು ದರ್ಗಾಕ್ಕೆ ಹರಕೆ, ಗುಡಿಗೆ ಹರಕೆ ಹೊತ್ತಿರುತ್ತಾರೆ, ಹೊರಲಿ. ಕಿವಿಯ ಪರೀಕ್ಷೆಯೂ ಅದೇ ವಾರ ಆಗಲಿ.

ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವಿನ ಕಟ್ಟು ಕೆಲವರಲ್ಲಿ ಸಡಿಲ. ನಡೆಯುತ್ತಿದ್ದ ಮಗು ಎಡವತೊಡಗಿದರೆ, ಕುತ್ತಿಗೆ ಒಂದು ಕಡೆ ವಾಲಿಸಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ದವಾಖಾನಿ. ಪಲ್ಟಿ ಹೊಡೆಸುವ ಆಟ ಬೇಡ. ಅರಿವಳಿಕೆ ಕೊಡುವ ವೈದ್ಯರಿಗೆ ಈ ಮಾತನ್ನು ಮೊದಲೇ ಹೇಳಬೇಕು.

ಇನ್ನು ಮನೆಯಲ್ಲಿ ಮಾಡುವ ಕೆಲಸ. ಸ್ನಾಯು ಸಡಿಲ ಇರುವ ಕೂಸನ್ನು ಮಲಗಿಸಿದರೆ ತೊಡೆಗಳು ಕಪ್ಪೆಯ ಹಾಗೆ ಹೊರಕ್ಕೆ ಬೀಳುತ್ತವೆ. ಹಾಗೇ ಬಿಟ್ಟರೆ ಮುಂದೆ ನಡಿಗೆ ಅಗಲವಾಗುತ್ತದೆ. ಎಚ್ಚರ ಇದ್ದಾಗ ಹಳೆಯ ಸೀರೆಯನ್ನು ಸುತ್ತಿ ತೊಡೆಗಳ ಹೊರಬದಿಗೆ ಆಸರೆ ಕೊಡಿ. ದಿನಕ್ಕೆ ನಾಲ್ಕೈದು ಸಲ, ಎರಡು ಮೂರು ನಿಮಿಷ, ಕಣ್ಣೆದುರೇ ಬೋರಲು ಮಲಗಿಸಿ. ಉಣಿಸುವಾಗ ಕೂಸನ್ನು ಮಲಗಿಸಿ ಒಳಲೆಯಿಂದ ಗಂಟಲಿಗೆ ಸುರಿಯುವುದು ಕೂಡದು, ಹಾಲು ಶ್ವಾಸಕ್ಕೆ ಹೋಗಿ ಮೇಲಿಂದ ಮೇಲೆ ನ್ಯುಮೋನಿಯಾ ಆಗುವುದು ಹೀಗೆ. ನೆಟ್ಟಗೆ ಕೂಡಿಸಿ, ಗದ್ದ ತುಸು ಕೆಳಗಿರಲಿ. ಚಪ್ಪಟೆ ಚಮಚವನ್ನು ನಾಲಿಗೆಯ ನಡುವೆ ಮೆಲ್ಲಗೆ ಒತ್ತಿ, ತುಟಿ ಮುಚ್ಚುವವರೆಗೆ ತಡೆದು, ನೇರವಾಗಿ ಹೊರಗೆಳೆಯಿರಿ. ಚಮಚವನ್ನು ಮೇಲ್ದುಟಿಗೆ ಸವರಿ ಖಾಲಿ ಮಾಡಿದರೆ ತುಟಿಗೆ ಕೆಲಸವೇ ಇರುವುದಿಲ್ಲ, ನಾಲಿಗೆ ಹೊರಗೇ ಉಳಿಯುತ್ತದೆ. ಬೇಳೆಯ ಕಟ್ಟಿಗಿಂತ ಗಟ್ಟಿಯಾಗಿ ಮಸೆದ ಬೇಳೆ ಅನ್ನ ನುಂಗಲು ಸುಲಭ.

ಮಾತಿಗಿಂತ ಅರ್ಥವಾಗುವುದು ಯಾವಾಗಲೂ ಮುಂದಿರುತ್ತದೆ. ಎಂಟು ಒಂಬತ್ತು ತಿಂಗಳಿಂದ ಬಾಯಿಮಾತಿನ ಜೊತೆ ಕೈಸನ್ನೆ ತೋರಿಸಿ: ಬೇಕು, ಸಾಕು, ನೀರು, ಬಾ. ಸನ್ನೆ ಕಲಿತರೆ ಮಾತು ಬರುವುದಿಲ್ಲ ಎಂಬ ಹೆದರಿಕೆ ಸುಳ್ಳು. ಮನೆಯಲ್ಲಿ ಉರ್ದು ಅಥವಾ ಲಂಬಾಣಿ, ಓಣಿಯಲ್ಲಿ ಕನ್ನಡ, ಔರಾದ ಕಡೆ ಮರಾಠಿ. "ಒಂದೇ ಭಾಷೆ ಆಡಿ" ಎಂದು ತಾಯಿಯ ಬಾಯಿ ಕಟ್ಟಬೇಡಿ. ಎರಡು ಭಾಷೆ ಕೇಳಿದ್ದರಿಂದ ಈ ಮಕ್ಕಳ ಮಾತು ಕುಂದುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಸರಾಸರಿ ಎರಡು ವರ್ಷಕ್ಕೆ ನಡೆಯುತ್ತಾರೆ, ಕೆಲವರು ಮೂರು ದಾಟುತ್ತಾರೆ. ಚಪಾತಿ ಹಿಟ್ಟು ನಾದುವುದು, ಜೋಳದ ಹಿಟ್ಟಿನ ಉಂಡೆ ತಟ್ಟುವುದು ಬೆರಳಿಗೆ ಒಳ್ಳೆಯ ಕೆಲಸ. ತೊಗರಿ ಕಾಳು ಆರಿಸಲು ಮಾತ್ರ ತೀರಾ ಸಣ್ಣವರಿಗೆ ಕೊಡಬೇಡಿ, ಮೂಗಿಗೆ ಹೋಗುತ್ತದೆ.

ಈಗ ಸರ್ಕಾರಿ ಕಾಗದ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಡೌನ್ ಸಿಂಡ್ರೋಮ್ ಪ್ರತ್ಯೇಕವಾಗಿ ಇಲ್ಲ, ಬೌದ್ಧಿಕ ವೈಕಲ್ಯದ ಅಡಿ ಬರುತ್ತದೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಿ, ವೈದ್ಯಕೀಯ ಮಂಡಳಿ ಕೂಡುವ ದಿನ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಅರ್ಜಿ ವಾಪಸಾಗುವುದು ಹೆಚ್ಚಾಗಿ ಹೆಸರಿನಿಂದ. ಜನನ ಪ್ರಮಾಣಪತ್ರದಲ್ಲಿ "ಶರಣಪ್ಪ", ಆಧಾರಿನಲ್ಲಿ "ಶರಣಬಸಪ್ಪ", ರೇಷನ್ ಕಾರ್ಡಿನಲ್ಲಿ "ಶರಣು". ಮೊದಲು ಜನನ ಪ್ರಮಾಣಪತ್ರ ಸರಿಮಾಡಿಸಿ, ಉಳಿದದ್ದು ಅದರ ಹಿಂದೆ. ಆಧಾರಿನ ಬೆರಳಚ್ಚನ್ನು 5ಕ್ಕೆ ಮತ್ತು 15ಕ್ಕೆ ಹೊಸದಾಗಿ ಕೊಡಬೇಕು. ಮರೆತರೆ ಪಿಂಚಣಿ ನಿಂತಾಗಲೇ ಗೊತ್ತಾಗುವುದು.

ಮಂಡಳಿಯ ಕೋಣೆಯಲ್ಲಿ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮಗುವಿನ ಸಾಮಾಜಿಕ ಪಕ್ವತೆಯನ್ನು ಅಳೆಯುವ ಪ್ರಶ್ನಾವಳಿ ಇರುತ್ತದೆ, ಉತ್ತರ ಹೇಳುವುದು ಪಾಲಕರು. "ತಾನೇ ಅಂಗಿ ಹಾಕ್ಕೋತಾನೇನ್ರಿ?" ಎಂದು ಕೇಳಿದರೆ ತಾಯಿ ಅಭಿಮಾನದಿಂದ "ಹೂನ್ರಿ" ಅನ್ನುತ್ತಾಳೆ. ನಿಜ ಏನು? ತೋಳು ತೂರಿಸುತ್ತಾನೆ, ಹಿಂದುಮುಂದು ತಿಳಿಯುವುದಿಲ್ಲ, ಗುಂಡಿ ಹಾಕುವುದು ಅವ್ವ. ಪಕ್ಕದಲ್ಲಿ ಕೂತ ಮುತ್ಯಾ "ಏನೂ ಬರಂಗಿಲ್ಲ ಬಿಡ್ರಿ" ಅನ್ನುತ್ತಾನೆ, ಅದೂ ಸುಳ್ಳು. ಸೌಮ್ಯ ಮಟ್ಟಕ್ಕೆ ಶೇ 50, ಮಧ್ಯಮ ಮಟ್ಟಕ್ಕೆ ಶೇ 75 ಎಂದು ಲೆಕ್ಕ ಇರುವುದರಿಂದ ಒಂದೆರಡು ಉತ್ತರ ಆಚೀಚೆಯಾದರೂ ಮಟ್ಟ ಬದಲಾಗಬಹುದು, ಪಿಂಚಣಿಯ ಮೊತ್ತ ಬದಲಾಗುವುದೂ ಶೇ 75ರ ಆಸುಪಾಸಿನಲ್ಲೇ. ಒಂದು ವಾರ ಮೊದಲಿಂದ ಬರೆದಿಡಿ: ಊಟ, ಸ್ನಾನ, ಬಟ್ಟೆ, ಶೌಚ, ರಸ್ತೆ ದಾಟುವುದು. ಯಾವುದನ್ನು ಪೂರ್ತಿ ತಾನೇ ಮಾಡುತ್ತಾನೆ, ಯಾವುದಕ್ಕೆ ಬಾಯಿಮಾತು ಸಾಕು, ಯಾವುದಕ್ಕೆ ಕೈ ಹಿಡಿಯಬೇಕು. ಆ ಹಾಳೆಯನ್ನೇ ಮುಂದಿಡಿ. ಸಣ್ಣ ಮಕ್ಕಳ ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ. ಕೊನೆಯ ತಾರೀಖನ್ನು ಫೈಲಿನ ಹೊರಗಡೆಯೇ ಕೆಂಪು ಶಾಯಿಯಲ್ಲಿ ಬರೆಯಿರಿ.

ಕಾರ್ಡು ಬಂದ ಮೇಲೆ ಪಿಂಚಣಿಗೆ ನಾಡಕಚೇರಿ. ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿಕೊಂಡೇ ಅರ್ಜಿ ಕೊಡಿ, ಇಲ್ಲದಿದ್ದರೆ ಮಂಜೂರಾದ ಹಣವೂ ಬಾರದು. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಬಿಪಿಎಲ್ ಕುಟುಂಬಕ್ಕೆ ನೋಂದಣಿ 250 ರೂಪಾಯಿ, ಥೆರಪಿ ಖರ್ಚಿಗೂ ಸಿಗುತ್ತದೆ, ಮೊದಲೇ ಇದ್ದ ಕಾಯಿಲೆ ಎಂದು ತಳ್ಳಿಹಾಕುವುದಿಲ್ಲ. ಇದು ಖರ್ಚು ಮಾಡಿ ಆಮೇಲೆ ಮರಳಿ ಪಡೆಯುವ ವಿಮೆ, ಆದ್ದರಿಂದ ಮೂಲ ಬಿಲ್ಲು, ವೈದ್ಯರ ಚೀಟಿ ಇಲ್ಲದೆ ಏನೂ ಆಗದು. ಬಸ್ಸಿನ ವಿಷಯಕ್ಕೆ ಬಂದರೆ, ತಾಯಿಗೆ ಶಕ್ತಿ ಯೋಜನೆ ಇದೆ, ಹುಡುಗನಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ರಿಯಾಯಿತಿ ಪಾಸು. ಪಾಸಿನ ಮಿತಿ 100 ಕಿ.ಮೀ. ಯಾದಗಿರಿಯಿಂದ ಕಲಬುರಗಿಗೆ ಸಾಕು, ಬೀದರಿನಿಂದ ಸಾಲದು. ಬೀದರಿನವರು ರೈಲು ನೋಡಿ. ಬೌದ್ಧಿಕ ವೈಕಲ್ಯ ಇರುವವರಿಗೂ ಜೊತೆಗಾರರಿಗೂ ಸ್ಲೀಪರ್, ಎರಡನೇ ದರ್ಜೆಯಲ್ಲಿ ಶೇ 75 ರಿಯಾಯಿತಿ ಇದೆ.

ಇಲ್ಲಿಯವರೆಗೆ ಹೇಳಿದ್ದು ಒಂದು ಮನೆಯ ಕೆಲಸ. ಇದನ್ನು ಒಬ್ಬ ತಾಯಿ ಒಂಟಿಯಾಗಿ ಮಾಡಲಾರಳು. ತಾಲ್ಲೂಕಿಗೆ ಎಂಟು ಹತ್ತು ಕುಟುಂಬ ಸಿಕ್ಕರೆ ಗುಂಪು ಮಾಡಿ. ಸಭೆಯನ್ನು ತಿಂಗಳ ಮೊದಲ ಸಂತೆಯ ದಿನ ಇಟ್ಟುಕೊಳ್ಳಿ, ಆ ದಿನ ಹೇಗೂ ಊರಿಗೆ ಬಂದಿರುತ್ತಾರೆ, ಕೂಲಿ ಕೆಡುವುದಿಲ್ಲ. ಓದು ಬಾರದ ತಾಯಂದಿರಿಗೆ ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಕಳಿಸಿ. ಮಕ್ಕಳ ಪ್ರಮಾಣಪತ್ರದ ಫೋಟೊ ಮಾತ್ರ ಗುಂಪಿಗೆ ಹಾಕಬೇಡಿ. ಹೊಸದಾಗಿ ಕೂಸು ಹುಟ್ಟಿದ ಮನೆಗೆ ಮೊದಲು ಹೋಗಬೇಕಾದವರು ಐದಾರು ವರ್ಷದ ಮಗುವಿನ ತಂದೆ ತಾಯಿ, ಆ ಮಗುವನ್ನು ಕರೆದುಕೊಂಡು. ತಂದೆಯೂ ಹೋಗಲಿ, ಗಂಡಸರ ಹತ್ತಿರ ಗಂಡಸರು ಮಾತಾಡದಿದ್ದರೆ ಮನೆಯ ತೀರ್ಮಾನ ಬದಲಾಗುವುದಿಲ್ಲ.

ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರಿಗೆಂದು ಶೇ 5ರ ಅನುದಾನ ಮೀಸಲಿದೆ. ಅದು ಪ್ರತಿ ವರ್ಷ ಎಲ್ಲಿ ಹೋಗುತ್ತದೆ ಎಂದರೆ ರ‍್ಯಾಂಪಿಗೆ, ಗಾಲಿಕುರ್ಚಿಗೆ, ಹೊಲಿಗೆ ಯಂತ್ರಕ್ಕೆ. ಡಿಸೆಂಬರ್ 3ರಂದು ವೇದಿಕೆಯ ಮೇಲೆ ಕೊಡಲು ಕಾಣುವಂಥ ವಸ್ತು ಬೇಕಲ್ಲ! ಬೌದ್ಧಿಕ ವೈಕಲ್ಯದ ಮಕ್ಕಳ ಪಾಲಕರು ಏನು ಬೇಕೆಂದು ಬರೆದು ಕೇಳದೆ ಇರುವುದರಿಂದ ಅವರಿಗೆ ಬೇಕಾದದ್ದು ಆ ಪಟ್ಟಿಯಲ್ಲಿ ಇರುವುದಿಲ್ಲ. ವಿಕಲಚೇತನರಿಗೆಂದೇ ನಡೆಯುವ ಸಮನ್ವಯ ಗ್ರಾಮಸಭೆಗೆ ಮುಂಚೆಯೇ ಅರ್ಜಿ ಕೊಡಿ: ಥೆರಪಿ ಚಾಪೆ, ಪಾದಕ್ಕೆ ಅಳತೆಯ ಬೂಟು, ತಿಂಗಳಿಗೆ ಎರಡು ಸಲ ಜಿಲ್ಲಾ ಕೇಂದ್ರಕ್ಕೆ ಹೋಗಿಬರುವ ಖರ್ಚು. ವಸ್ತು, ಸಂಖ್ಯೆ, ದರಪಟ್ಟಿ, ಯುಡಿಐಡಿ ಸಂಖ್ಯೆ ನಾಲ್ಕೂ ಇರಲಿ. ಎರಡು ಪ್ರತಿ ಒಯ್ದು, ಒಂದಕ್ಕೆ ಪಿಡಿಒ ಕಚೇರಿಯ ಮೊಹರು, ತಾರೀಖು ಹಾಕಿಸಿಕೊಳ್ಳಿ. "ಇಟ್ಟು ಹೋಗ್ರಿ, ನೋಡ್ತೀವಿ" ಅನ್ನುತ್ತಾರೆ. ಮೊಹರು ಬೀಳುವವರೆಗೆ ಏಳಬೇಡಿ.

ಶಾಲೆಯಲ್ಲೂ ಇದೇ ಕ್ರಮ. ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು 2016ರ ಅದೇ ಕಾಯ್ದೆಯ 31ನೇ ಕಲಮಿನಲ್ಲಿದೆ, ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆ ಕುಟುಂಬದ್ದು. ಮುಖ್ಯೋಪಾಧ್ಯಾಯರು ಬೇಡ ಎಂದರೆ ಜಗಳ ಬೇಡ, "ಸರ್, ಕಾರಣ ಬರೆದು ಕೊಡ್ರಿ" ಎನ್ನಿ. ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಬಿಇಒ, ಆಮೇಲೆ ರಾಜ್ಯ ವಿಕಲಚೇತನರ ಆಯುಕ್ತರು. ಸೇರಿಸಿಕೊಂಡು ಮೂಲೆಯಲ್ಲಿ ಕೂರಿಸುವುದೂ ನಡೆಯುತ್ತದೆ. ವಿಕಲಚೇತನ ಮಕ್ಕಳ ಕಲಿಕೆಗೆಂದು ಇರುವ ತಾಲ್ಲೂಕಿನ ಬಿಐಇಆರ್‌ಟಿ ಶಿಕ್ಷಕರು ತಿಂಗಳಿಗೆ ಎಷ್ಟು ಸಲ ಬಂದರು ಎಂದು ಕೇಳಿ. ಮುಂದಿನ ಬೆಂಚು, ದೊಡ್ಡ ಅಕ್ಷರ, ಮಾತಿನ ಜೊತೆ ಚಿತ್ರ, ಒಮ್ಮೆಗೆ ಒಂದೇ ಸೂಚನೆ: ಇಷ್ಟಕ್ಕೆ ಯಾವ ಅನುದಾನವೂ ಬೇಡ.

ಯಾದಗಿರಿ, ಆಳಂದ, ಚಿಂಚೋಳಿ ಕಡೆಯಿಂದ ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋಗುವ ಕುಟುಂಬಗಳದ್ದು ಬೇರೆಯದೇ ಪಾಡು. ಹೊರಡುವ ಮುಂಚೆ ಮೂರು ತಿಂಗಳ ಥೈರಾಯ್ಡ್ ಮಾತ್ರೆ, ಎಕೋ ವರದಿಯ ನೆರಳಚ್ಚು, ಮೊಬೈಲಿನಲ್ಲಿ ಎಲ್ಲ ಹಾಳೆಗಳ ಫೋಟೊ. ಯುಡಿಐಡಿ ದೇಶದಾದ್ಯಂತ ನಡೆಯುತ್ತದೆ. ಪಿಂಚಣಿಯ ಪರಿಶೀಲನೆಗೆ ಬಂದಾಗ ಮನೆಗೆ ಬೀಗ ಇದ್ದರೆ ಹೆಸರು ತೆಗೆದುಬಿಡುತ್ತಾರೆ, ಗ್ರಾಮ ಆಡಳಿತಾಧಿಕಾರಿಗೆ ಹೇಳಿಯೇ ಹೋಗಿ.

ಕೊನೆಯದಾಗಿ ದೊಡ್ಡವರ ಮಾತು. ಒಳ್ಳೆಯ ಆರೈಕೆ ಸಿಗುವ ದೇಶಗಳಲ್ಲಿ ಈಗ ಡೌನ್ ಸಿಂಡ್ರೋಮ್ ಇರುವವರು ಸರಾಸರಿ ಅರವತ್ತರ ಹತ್ತಿರ ಬದುಕುತ್ತಾರೆ. ಅಂದರೆ ತಂದೆ ತಾಯಿ ಇಲ್ಲದ ವರ್ಷಗಳೂ ಇರುತ್ತವೆ. ನಲವತ್ತರ ನಂತರ ಮರೆವು, ಮೌನ, ಹಟ ಕಂಡರೆ ಅಲ್ಜೈಮರ್ ಇರಬಹುದು, ಇವರಲ್ಲಿ ಅದು ಬೇಗ ಬರುತ್ತದೆ. ಆದರೆ ಮೊದಲು ಥೈರಾಯ್ಡ್, ಕಿವಿ, ಕಣ್ಣು, ನಿದ್ದೆಯಲ್ಲಿ ಉಸಿರುಕಟ್ಟುವಿಕೆ ನೋಡಿಸಿ, ಇವು ಸರಿಪಡಿಸಬಹುದಾದವು.

ಹದಿನೆಂಟು ತುಂಬಿದ ದಿನದಿಂದ ತಂದೆ ತಾಯಿ ಕಾನೂನಿನ ಕಣ್ಣಿನಲ್ಲಿ ತಾನಾಗಿ ಪೋಷಕರಲ್ಲ. ಮಗನ ಅಥವಾ ಮಗಳ ಮತದಾರರ ಗುರುತಿನ ಚೀಟಿಗೆ ಅರ್ಜಿ ಹಾಕಿ, ಅದು ಅವರ ಹಕ್ಕು. ಬ್ಯಾಂಕಿಗೋ ಆಸ್ತಿಗೋ ನಿಜಕ್ಕೂ ಅಗತ್ಯವಿದ್ದರೆ ಮಾತ್ರ, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಫಾರಂ 'ಎ'ಯಲ್ಲಿ ಪೋಷಕತ್ವ ಕೇಳಿ. ಯಾವ ಕೆಲಸಕ್ಕೆ, ಏಕೆ ಎಂದು ಬರೆಯಬೇಕು. "ಎಲ್ಲದಕ್ಕೂ" ಎಂದು ಬರೆಯುವುದು ಸರಿಯಲ್ಲ, ಅವರಿಂದ ತಾನಾಗಿ ಆಗುವ ನಿರ್ಧಾರವನ್ನೂ ಕಸಿದಂತಾಗುತ್ತದೆ. ಅಣ್ಣ ತಮ್ಮಂದಿರನ್ನು ಸೂಚಿಸುವುದಾದರೆ ಅತ್ತಿಗೆಯರನ್ನೂ ಕೂಡಿಸಿಕೊಂಡು ಮೊದಲೇ ಮಾತಾಡಿ, ದಿನದ ಕೆಲಸ ಬೀಳುವುದು ಅವರ ಮೇಲೆ. ನೇಮಕವಾದ ಪೋಷಕರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಕೊಡಬೇಕು. ಕೊಡದವರನ್ನು ಬದಲಿಸಿ ಎಂದು ಸಮಿತಿಗೆ ಬರೆಯುವ ಹಕ್ಕು ಪಾಲಕರಿಗೆ, ಬಂಧುಗಳಿಗೆ, ನೋಂದಾಯಿತ ಸಂಸ್ಥೆಗೆ ಇದೆ.